ಅಪ್ಪ ಕಲಿಸಿದ್ದು, ಮಕ್ಕಳು ಕಲಿತದ್ದು



ರಾಜ್ಯೋತ್ಸವದ ದಿನ ನೀವು ವೇದಿಕೆಯ ಹಿಂದೆ ಮರಾಠಿಯಲ್ಲಿ ಹರಟುತ್ತ, ನಾವು ಹಿರಿಯರು ಹತ್ತಿರ ಬಂದ ಕೂಡಲೇ ಕನ್ನಡಕ್ಕೆ ಹೊರಳುವುದನ್ನು ನೋಡಿ ನನಗೆ ಒಳಗೊಳಗೇ ನಗು ಬರುತ್ತದೆ. ನನ್ನ ಮಕ್ಕಳೂ ಹಾಗೆಯೇ ಬೆಳೆದವರು. "ನಮ್ಮಪ್ಪ ಯಾವಾಗಲೂ ಓದು ಓದು ಅಂತಾರೆ ಆಂಟಿ" ಎಂದು ನಿಮ್ಮಲ್ಲಿ ಒಬ್ಬರು ಆ ದಿನ ಹೇಳಿದ ಮಾತು ನನ್ನನ್ನು ಈ ಬರಹಕ್ಕೆ ಕೂರಿಸಿತು. ಬರೆದು ಅಭ್ಯಾಸವಿಲ್ಲ. ಧಾರವಾಡದಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿ, ಮದುವೆಯಾಗಿ ನಾಸಿಕಕ್ಕೆ ಬಂದವಳು ನಾನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮನೆಯವರಿಗೆ ಯಂತ್ರಗಳೆಂದರೆ ಹುಚ್ಚು. ಸಾತಪುರದ ಕಾರ್ಖಾನೆಯೊಂದರಲ್ಲಿ ಕೆಲಸ. ದಿನವಿಡೀ ಯಂತ್ರಗಳ ಮಧ್ಯೆ ಇದ್ದು ಬಂದರೂ ಮನೆಯಲ್ಲಿ ರೇಡಿಯೋ ಬಿಚ್ಚುವುದು, ಇಸ್ತ್ರಿಪೆಟ್ಟಿಗೆ ಬಿಚ್ಚುವುದು. 1999ರಲ್ಲಿ ಯಾರೋ ಮಾರಿದ ಹಳೆಯ 486 ಕಂಪ್ಯೂಟರ್ ಒಂದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ನಾನು ಫ್ರಿಜ್ಜಿಗೆಂದು ಕೂಡಿಟ್ಟ ದುಡ್ಡು ಅದಕ್ಕೆ ಹೋಯಿತು. ಆ ಸಿಟ್ಟು ಈಗ ಇಳಿದಿದೆ ಎಂದು ಬರೆದುಬಿಡುತ್ತೇನೆ, ಅವರೂ ಈ ಪತ್ರಿಕೆ ಓದುತ್ತಾರಲ್ಲ!

ಮಗನಿಗೆ ಆಗ ಎಂಟು ವರ್ಷ, ಮಗಳಿಗೆ ಐದು. ಅವರು ಮಗನಿಗೆ 'ಲೋಗೋ' ಕಲಿಸತೊಡಗಿದರು. ಪರದೆಯ ಮೇಲೆ ಒಂದು ಆಮೆ. ಮುಂದೆ ನಡೆ, ಬಲಕ್ಕೆ ತಿರುಗು ಎಂದು ಟೈಪ್ ಮಾಡಿದರೆ ಅದು ನಡೆದಲ್ಲೆಲ್ಲ ಗೆರೆ ಬೀಳುತ್ತದೆ. ನಾಲ್ಕು ಸಲ ತೊಂಬತ್ತು ಡಿಗ್ರಿ ತಿರುಗಿದರೆ ಚೌಕ. ಮೊದಲ ವಾರ ಮನೆಯೆಲ್ಲ ಸಂಭ್ರಮ. ಆಮೇಲೆ ಗೋಡೆಗೆ ವೇಳಾಪಟ್ಟಿ ಬಂತು. ಸಂಜೆ ಏಳರಿಂದ ಎಂಟು ಕಂಪ್ಯೂಟರ್, ಭಾನುವಾರ ಪರೀಕ್ಷೆ. ಹುಡುಗ ತಪ್ಪು ಮಾಡಿದರೆ ಇವರು ಬೈಯುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ದೊಡ್ಡದಾಗಿ ಉಸಿರು ಬಿಟ್ಟು ಕೀಲಿಮಣೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು, ಅಷ್ಟೇ. ಹತ್ತು ತುಂಬುವ ಹೊತ್ತಿಗೆ ಒಂದು ಸಂಜೆ ಅವನು ಎದ್ದು ನಿಂತು, "ಅಪ್ಪಾ, ನನಗ ನಕೋ. ನೀವ ಆಡ್ರಿ" ಅಂದ. ಆಮೇಲೆ ಆ ಕುರ್ಚಿಯಲ್ಲಿ ಕೂರಲೇ ಇಲ್ಲ. ಎರಡು ವರ್ಷ ಅಪ್ಪ-ಮಗ ಊಟದ ಹೊತ್ತಿನಲ್ಲಿ ಬೇಕಾದಷ್ಟೇ ಮಾತಾಡಿದರು. ನಾನು ಇಬ್ಬರಿಗೂ ಬಡಿಸುತ್ತ ಸುಮ್ಮನಿದ್ದೆ. ಮನೆಯ ಶಾಂತಿ ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದೆ.

ಆ ದಿನಗಳಲ್ಲಿ ಇವರ ಕಪಾಟಿನಿಂದ 'ಮೈಂಡ್‌ಸ್ಟಾರ್ಮ್ಸ್' ಎಂಬ ಪುಸ್ತಕ ತೆಗೆದು ಓದಿದೆ. ಬರೆದವರು ಸೀಮೋರ್ ಪಾಪರ್ಟ್, 'ಲೋಗೋ' ರೂಪಿಸಿದವರಲ್ಲಿ ಒಬ್ಬರು. 1980ರ ಪುಸ್ತಕ. ಚಿಕ್ಕಂದಿನಲ್ಲಿ ಅವರಿಗೆ ಗಿಯರ್ ಚಕ್ರಗಳ ಮೇಲೆ ಅಪಾರ ಪ್ರೀತಿಯಂತೆ. ಗಣಿತ ಒಲಿದದ್ದು ಆ ಪ್ರೀತಿಯಿಂದಲಂತೆ. ಹಾಗೆಂದು ಎಲ್ಲ ಮಕ್ಕಳ ಕೈಗೂ ಗಿಯರ್ ಕೊಟ್ಟರೆ ಅದೇ ಫಲ ಸಿಗದು ಎಂದೂ ಮುನ್ನುಡಿಯಲ್ಲೇ ಹೇಳಿದ್ದಾರೆ. ಇವರು ಪುಸ್ತಕದ ತುಂಬ ಪೆನ್ಸಿಲ್ ಗೆರೆ ಎಳೆದಿದ್ದರು, ಆ ಪುಟಗಳನ್ನು ಬಿಟ್ಟು! ಮುನ್ನುಡಿ ಓದದ ಗಂಡಸರ ಜಾತಿ.

2004ರಲ್ಲಿ ಔರಂಗಾಬಾದಿಗೆ ವರ್ಗವಾಯಿತು. ಊರಿಗೆ ಛತ್ರಪತಿ ಸಂಭಾಜಿನಗರ ಎಂದು ಹೆಸರು ಬದಲಾದದ್ದು 2023ರಲ್ಲಿ. ಮರುವರ್ಷ ದೀಪಾವಳಿ ರಜೆಯಲ್ಲಿ ಪಾಟಣಕ್ಕೆ ಹೊರಟೆವು. ಚಾಳೀಸಗಾಂವ್ ದಾರಿಯಲ್ಲಿ, ಘಾಟಿಗೆ ಮೊದಲು, 'ಕನ್ನಡ' ಎಂಬ ಹೆಸರಿನ ತಾಲ್ಲೂಕು ಊರೇ ಇದೆ, ನೋಡಿದ್ದೀರಾ? ಫಲಕ ಕಂಡು ಮಗಳು ಜೀಪಿನಲ್ಲೇ ಚಪ್ಪಾಳೆ ಹೊಡೆದಳು. ಘಾಟಿ ಇಳಿದ ಮೇಲೆ ಗೌತಾಳಾ ಕಾಡಿನ ಅಂಚಿನಲ್ಲಿ ಪಾಟಣಾದೇವಿ.

ಅಲ್ಲಿಗೆ ಯಾಕೆಂದರೆ ಭಾಸ್ಕರಾಚಾರ್ಯರಿಗಾಗಿ. ನಮ್ಮ ಶಾಲೆಯಲ್ಲಿ ಅವರು ವಿಜಾಪುರದವರೆಂದೇ ಕಲಿಸಿದ್ದರು. ನಿಮ್ಮ ಮರಾಠಿ ಗೆಳೆಯರು ಪಾಟಣದವರು ಎನ್ನುತ್ತಾರೆ. 'ವಿಜ್ಜಡವಿಡ' ಎಂದು ಅವರು ಹೇಳಿಕೊಂಡ ಊರಿನ ಹೆಸರೇ ಈ ಜಗಳಕ್ಕೆ ಮೂಲ. ಊರು ಸಹ್ಯಾದ್ರಿಯ ಆಶ್ರಯದಲ್ಲಿದೆ ಎಂದೂ ಅವರೇ ಹೇಳಿರುವುದರಿಂದ ನನ್ನ ಮತ ಸದ್ಯ ಪಾಟಣಕ್ಕೆ. ಸಂಘದ ಹಿರಿಯರು ಕ್ಷಮಿಸಬೇಕು. ಹುಟ್ಟಿದ್ದು 1114ರಲ್ಲಿ, 'ಸಿದ್ಧಾಂತ ಶಿರೋಮಣಿ' ಬರೆದದ್ದು 1150ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ. ವಿದ್ಯೆ ಕಲಿತದ್ದು ತಂದೆ ಮಹೇಶ್ವರನಿಂದ. ಮಗ ಲಕ್ಷ್ಮೀಧರನೂ ಪಂಡಿತ. ಮೊಮ್ಮಗ ಚಂಗದೇವ ದೇವಗಿರಿಯ ಸೇವುಣ ಅರಸ ಸಿಂಘಣನ ಆಸ್ಥಾನ ಜ್ಯೋತಿಷಿ. ಅಜ್ಜನ ಗ್ರಂಥಗಳನ್ನು ಕಲಿಸಲೆಂದೇ ಅವನು ಮಠ ಕಟ್ಟಿಸಿದ. ಅದಕ್ಕೆ 1207ರಲ್ಲಿ ದತ್ತಿ ಬಿಟ್ಟುದನ್ನು ಹೇಳುವ ಶಾಸನ ಸಿಕ್ಕಿದ್ದು ಇದೇ ಪಾಟಣದಲ್ಲಿ. ಈ ಸೇವುಣರ ಅನೇಕ ಶಾಸನಗಳು ಕನ್ನಡದಲ್ಲಿವೆ ಎಂಬುದನ್ನೂ ಗೆಳೆಯರಿಗೆ ಹೇಳಿ, ಸಮ ಆಗಲಿ.

ಹಳ್ಳದ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಇವರು ಎಂದಿನಂತೆ 'ಲೀಲಾವತಿ'ಯ ಲೆಕ್ಕ ತೆಗೆದರು. ತಾವರೆ ಮೊಗ್ಗು ನೀರಿನ ಮೇಲೆ ಅರ್ಧ ಮೊಳ ಎದ್ದಿದೆ. ಗಾಳಿಗೆ ಬಾಗುತ್ತ ಬಾಗುತ್ತ ಎರಡು ಮೊಳ ಆಚೆ ಮುಳುಗಿತು. ನೀರಿನ ಆಳವೆಷ್ಟು? ಯಾರೂ ಬಾಯಿ ಬಿಡಲಿಲ್ಲ. ತಾವೇ ಬೆರಳಲ್ಲಿ ಏನೋ ಎಣಿಸಿ "ನಾಲ್ಕೂಕಾಲು ಮೊಳ" ಅಂದರು. ಚಕ್ಕಲಿ ತಿನ್ನುತ್ತಿದ್ದ ಮಗ ಕಡ್ಡಿಯಿಂದ ಮಣ್ಣಿನಲ್ಲಿ ತ್ರಿಕೋನ ಬರೆದ. ಬಾಗಿದ ದಂಟು ಕರ್ಣ, ನೀರಿನ ಆಳ ಒಂದು ಬದಿ, ಎರಡು ಮೊಳ ಇನ್ನೊಂದು ಬದಿ. "ಅಪ್ಪಾ, ಅದು ದಂಟಿನ ಉದ್ದ ಆತು. ಮ್ಯಾಲಿನ ಅರ್ಧ ಮೊಳ ಕಳೀಲೇ ಇಲ್ಲ ನೀವು. ಆಳ ಮೂರೂಮುಕ್ಕಾಲು" ಅಂದ. ಇವರು ಮಣ್ಣನ್ನೇ ನೋಡಿದರು. ಕಡ್ಡಿ ಕಸಿದುಕೊಳ್ಳಬಹುದೆಂದು ನನಗೆ ಭಯ. "ಖರೇನ ಅದಲ್ಲೋ! ಇನ್ನೊಮ್ಮೆ ಹೇಳು" ಅಂದರು. ಹುಡುಗ ಇನ್ನೊಮ್ಮೆ ಹೇಳಿದ. ವಾಪಸು ಬರುವಾಗ ಘಾಟಿಯುದ್ದಕ್ಕೂ ಇಬ್ಬರದೂ ಮಾತೇ ಮಾತು.

ಇಲ್ಲಿಗೆ ಮುಗಿಸಿದರೆ ಚೆಂದದ ಕಥೆಯಾಗುತ್ತಿತ್ತು. ಮಗಳ ವಿಷಯ ಉಳಿದಿದೆ.

ಲೀಲಾವತಿಯ ಕಥೆ ನಿಮಗೆ ಗೊತ್ತಿರಬಹುದು. ಮುಹೂರ್ತ ತೋರಿಸುವ ನೀರಿನ ಬಟ್ಟಲಿಗೆ ಅವಳ ಉಡುಗೆಯ ಮುತ್ತು ಬಿದ್ದು ತೂತು ಮುಚ್ಚಿ, ಮದುವೆ ತಪ್ಪಿತಂತೆ. ಮಗಳ ಸಮಾಧಾನಕ್ಕೆ ಅಪ್ಪ ಪುಸ್ತಕ ಬರೆದನಂತೆ. ಈ ಕಥೆ ಬರುವುದು 1587ರಲ್ಲಿ, ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪಾರಸಿ ಅನುವಾದದಲ್ಲಿ. ಭಾಸ್ಕರರು ಅವಳನ್ನು ಮಗಳೆಂದು ಎಲ್ಲೂ ಹೇಳಿಲ್ಲ. ಇದನ್ನೆಲ್ಲ ಒಮ್ಮೆ ಇವರು ಸೊಗಸಾಗಿ ವಿವರಿಸುತ್ತಿದ್ದಾಗ, ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ ಮಗಳು ಮೆಲ್ಲಗೆ ಕೇಳಿದಳು: "ಅಪ್ಪಾ, ನಾಸಿಕದಾಗ ಆ ಕುರ್ಚಿಗೆ ನನ್ನ ಯಾಕ ಕೂಡಿಸಲಿಲ್ಲ? ನಾನು ಹಿಂದ ನಿಂತು ನೋಡಿ ಕಲ್ತೆ."

ಇವರ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಏಳರಿಂದ ಎಂಟರ ಹೊತ್ತಿನಲ್ಲಿ "ಬಾರವ್ವಾ, ಚಪಾತಿಗೆ ಹಿಟ್ಟು ಹಿಡಿ" ಎಂದು ಅವಳನ್ನು ಅಲ್ಲಿಂದ ಎಬ್ಬಿಸುತ್ತಿದ್ದವಳು ನಾನು. ಇಂಗ್ಲಿಷ್ ಬಿ.ಎ. ಓದಿದ ನಾನು! ಅಣ್ಣನನ್ನು ಮಾತ್ರ ಎಂದೂ ಕರೆಯಲಿಲ್ಲ. ತಮಾಷೆಯೆಂದರೆ ಅವನೀಗ ನಾಸಿಕದಲ್ಲಿ ಬೇಕರಿ ಇಟ್ಟಿದ್ದಾನೆ, ಹಿಟ್ಟು ನಾದುವುದರಲ್ಲಿ ನನಗಿಂತ ಜಾಣ. ಹಿಟ್ಟು, ನೀರು, ಈಸ್ಟಿನ ಪ್ರಮಾಣಗಳನ್ನೆಲ್ಲ ತ್ರೈರಾಶಿಯಲ್ಲಿ ಬರೆದಿಟ್ಟುಕೊಂಡಿದ್ದಾನೆ. ಆ ಪುಸ್ತಕವನ್ನು ಅಪ್ಪ ಬಂದವರಿಗೆಲ್ಲ ತೋರಿಸುತ್ತಾರೆ.

ಮಗಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಗಣಪತಿ ಹಬ್ಬಕ್ಕೆ ಬಂದಾಗ ಇವರು, "ಮಣ್ಣಿನ ತೇವ ನೋಡಿ ತಾನಾಗಿಯೇ ತುಳಸಿಗೆ ನೀರು ಬಿಡುವ ಯಂತ್ರ ಮಾಡೋಣು, ನನಗ ಕಲಸು" ಎಂದು ಅವಳ ಬೆನ್ನು ಹತ್ತಿದರು. ಅವಳು ಕುರ್ಚಿ ಎಳೆದು ತಾನು ಕುಳಿತು, ಅವರಿಗೆ ಸ್ಟೂಲು ತೋರಿಸಿದಳು. ತಪ್ಪು ಮಾಡಿದಾಗ ದೊಡ್ಡದಾಗಿ ಉಸಿರು ಬಿಡುವುದು ಅವಳಿಗೂ ಬಂದಿದೆ. ಏಳಾಯಿತು, ಎಂಟಾಯಿತು. ನಾನು ಯಾರನ್ನೂ ಕರೆಯಲಿಲ್ಲ. ಒಂಬತ್ತಕ್ಕೆ ಹಸಿವಾಗಿ ಅವರೇ ಎದ್ದು ಬಂದರು. ತುಳಸಿಕಟ್ಟೆಯ ತುಂಬ ನೀರು ನಿಂತಿತ್ತು.