ಎದೆಗೆ ಎಷ್ಟು ಹೆಸರು

ನರ್ಸಿಂಗ್ ಆಫೀಸರ್ ಪರೀಕ್ಷೆಗೆ ಓದುವವರಿಗೆ ಹೃದಯವೆಂದರೆ ಅಂಕ ತರುವ ಪಾಠ. ಇಸಿಜಿ ಹಾಳೆಯ ಒಂದು ಸಣ್ಣ ಚೌಕ 0.04 ಸೆಕೆಂಡು, ಅಂಥವು ಐದು ಸೇರಿದರೆ 0.20. ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೋಗುವ ಬಸ್ಸಿನಲ್ಲಿ ಮಾವಿನ ತೋಪುಗಳು ಹಿಂದೆ ಸರಿಯುತ್ತಿದ್ದರೆ, ನಾನು ಕವಾಟಗಳ ಹೆಸರನ್ನು ರಕ್ತ ಹರಿಯುವ ಕ್ರಮದಲ್ಲಿ ಗುನುಗುತ್ತಿರುತ್ತೇನೆ: ಟ್ರೈಕಸ್ಪಿಡ್, ಪಲ್ಮನರಿ, ಮೈಟ್ರಲ್, ಅಯೋರ್ಟಿಕ್.

ಪುಸ್ತಕದ ಹೃದಯಾಘಾತ ಬಲು ಶಿಸ್ತಿನದು. ಎದೆಯ ನಡುವೆ ಹಿಂಡುವ ನೋವು, ಎಡಗೈಗೂ ದವಡೆಗೂ ಹರಡುತ್ತದೆ, ತಣ್ಣನೆ ಬೆವರು. ನಮ್ಮ ಕಡೆ ಯಾರೂ ಹಾಗೆ ಹೇಳುವುದಿಲ್ಲ. ಮುಳಬಾಗಿಲಿನ ಗಡಿಹಳ್ಳಿಯ ಅಜ್ಜಿ ತೆಲುಗಿನಲ್ಲಿ ‘ಗುಂಡೆಲೋ ಮಂಟ’ ಅನ್ನುತ್ತಾರೆ. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ದುಡಿಯುವವರು ‘ರಟ್ಟೆ ಹಿಡ್ಕೊಂಡಿದೆ’ ಅನ್ನುತ್ತಾರೆ. ಮಿಕ್ಕವರಿಗೆಲ್ಲ ಅದು ‘ಗ್ಯಾಸ್ಟ್ರಿಕ್’. ಸಕ್ಕರೆ ಕಾಯಿಲೆ ಇದ್ದವರಲ್ಲಿ, ವಯಸ್ಸಾದ ಹೆಂಗಸರಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ. ಬರೀ ಸುಸ್ತು, ಏದುಸಿರು, ವಾಕರಿಕೆ.

ನಮ್ಮ ದೊಡ್ಡಪ್ಪನಿಗೂ ಮಾವಿನ ಮಂಡಿಯಲ್ಲಿ ಆದದ್ದು ಗ್ಯಾಸ್ಟ್ರಿಕ್ಕೇ. ಸೋಡಾ ಕುಡಿದು, ಬುಟ್ಟಿಗಳ ನೆರಳಲ್ಲಿ ಸಂಜೆಯವರೆಗೆ ಮಲಗಿದ್ದರು. ಜೀವ ಉಳಿಯಿತು. ಅವರ ಎಜೆಕ್ಷನ್ ಫ್ರ್ಯಾಕ್ಷನ್ ಈಗ ಶೇ. 35. ಪರೀಕ್ಷೆಯಲ್ಲಿ ಅದೊಂದು ಅಂಕದ ಪ್ರಶ್ನೆ. ಮನೆಯಲ್ಲಿ ಅದರ ಅರ್ಥ, ತೋಪಿನ ಏರು ಹತ್ತಲು ಮೂರು ಕಡೆ ಕೂತು ಸುಧಾರಿಸಿಕೊಳ್ಳಬೇಕು ಎಂದು. ರಕ್ತ ಸಿಗದೆ ಸತ್ತ ಹೃದಯದ ಸ್ನಾಯು ಮತ್ತೆ ಹುಟ್ಟುವುದಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಾಡೆಲ್ಲ ಎದೆ ಮುಟ್ಟಿ ನೋಡಿಕೊಂಡಿತು. ಆಮೇಲೆ ಸರ್ಕಾರ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟಪ್ಲೇಸ್ ಚುಚ್ಚುಮದ್ದು ಅಲ್ಲೇ ಉಚಿತ. ನೋವು ಶುರುವಾದ 12 ಗಂಟೆಯೊಳಗೆ ಅದನ್ನು ಕೊಡಬೇಕು. ಬೇಗ ಕೊಟ್ಟಷ್ಟೂ ಉಳಿಯುವ ಸ್ನಾಯು ಹೆಚ್ಚು. ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುತ್ತದೆ ಪಠ್ಯ. ಆದರೆ ಆ 10 ನಿಮಿಷ ಶುರುವಾಗುವುದು ಯಂತ್ರದಿಂದಲ್ಲ. ‘ಗ್ಯಾಸ್ಟ್ರಿಕ್, ಒಂದು ಮಾತ್ರೆ ಕೊಡಮ್ಮ’ ಎಂದು ಬಂದವರನ್ನು ಬಾಗಿಲಲ್ಲಿ ಯಾರು ನಿಲ್ಲಿಸಿ ಕೇಳುತ್ತಾರೆ, ಅಲ್ಲಿಂದ.

ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿದ್ದೇನೆ. ಎಡಗಡೆ ಪುಸ್ತಕದ ಲಕ್ಷಣ, ಬಲಗಡೆ ನಮ್ಮ ಜನರ ಮಾತು. ಬಲಗಡೆಯದಕ್ಕೆ ಯಾವ ಪರೀಕ್ಷೆಯಲ್ಲೂ ಅಂಕವಿಲ್ಲ. ಅಲ್ಲಿ ಹೆಚ್ಚು ಸಲ ಬಂದಿರುವ ಮಾತು ‘ಏನೋ ಒಂಥರಾ ಆಗ್ತಿದೆ’. ಅದರ ಮುಂದೆ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೇನೆ: ಮೊದಲು ಇಸಿಜಿ.