ತಪ್ಪಿದ ಪಾಸ್‌ವರ್ಡ್‌ಗಳನ್ನು ಓದುವ ಸುಖ

ಕಂಪನಿಯ ಭದ್ರತಾ ನಿಗಾ ವ್ಯವಸ್ಥೆಯಲ್ಲಿ ಹಗಲೂ ರಾತ್ರಿ ಸುರಿಯುವ ‘ಲಾಗಿನ್ ವಿಫಲ’ ಅಲರ್ಟ್‌ಗಳನ್ನು ಕಡಿಮೆ ಮಾಡುವುದು ಹೊರಗಿನವರ ಕಣ್ಣಿಗೆ ಶುದ್ಧ ಬೇಸರದ ಕೆಲಸ. ಯಾರೋ ಎಲ್ಲೋ ಪಾಸ್‌ವರ್ಡ್ ತಪ್ಪಾಗಿ ಒತ್ತುತ್ತಾರೆ, ಸರ್ವರ್ ಅದನ್ನು ಲಾಗಿನಲ್ಲಿ ಬರೆದುಕೊಳ್ಳುತ್ತದೆ, ಯಾವುದೋ ರೂಲ್ ಅದನ್ನು ಕಂಡು ಕೂಗುತ್ತದೆ, ಶಿಫ್ಟಿನಲ್ಲಿರುವವರು ಟಿಕೆಟ್ ತೆರೆದು ನಿನ್ನೆಯ ಒಕ್ಕಣೆಯನ್ನೇ ಅಂಟಿಸಿ ಮುಚ್ಚುತ್ತಾರೆ. ಇದರಲ್ಲಿ ಸವಿಯುವುದಕ್ಕೆ ಏನಿದೆ? ಬಹಳವೇ ಇದೆ ಎಂದು ನನಗನ್ನಿಸುತ್ತದೆ. ಆದರೆ ಆ ಸವಿ ಸಿಗಬೇಕಾದರೆ ಈ ಕಸುಬಿನವರು ಬಾಯಿಪಾಠ ಮಾಡಿಕೊಂಡಿರುವ ಒಂದು ನಂಬಿಕೆಯನ್ನು ಬಿಡಬೇಕು. ಈ ಅಲರ್ಟ್‌ಗಳನ್ನೆಲ್ಲ ಅವರು ಒಟ್ಟಾಗಿ ‘ಫಾಲ್ಸ್ ಪಾಸಿಟಿವ್’ ಅನ್ನುತ್ತಾರೆ. ಸುಳ್ಳು ಎಲ್ಲಿ ಬಂತು? ಲಾಗಿನ್ ವಿಫಲವಾಗಿದ್ದು ನಿಜ, ವ್ಯವಸ್ಥೆ ಹೇಳಿದ್ದೂ ಅಷ್ಟನ್ನೇ. ಕಳ್ಳನ ಸುದ್ದಿಯೇ ಬರುತ್ತದೆಂದು ಕಾದು ಕೂತವರಿಗೆ ಮನೆಯೊಳಗಿನ ಸುದ್ದಿ ಬಂದರೆ ಅದು ಸುದ್ದಿಯ ತಪ್ಪಲ್ಲ. ಬೇಡದ ಅಲರ್ಟ್ ಕಡಿಮೆಯಾಗಬೇಕಾದರೆ ಮೊದಲು ಅದು ಹೇಳುತ್ತಿರುವ ಕೆಲಸ ಮುಗಿಯಬೇಕು. ಬಾಯಿ ಮುಚ್ಚಿಸುವುದು ಕೊನೆಯ ಉಪಾಯ.

ಒಂದು ಅಲರ್ಟನ್ನು ಹತ್ತಿರದಿಂದ ನೋಡಿ. ವಿಂಡೋಸ್ ಯಂತ್ರದಲ್ಲಿ ಲಾಗಿನ್ ತಪ್ಪಿದರೆ 4625 ಎಂಬ ಸಂಖ್ಯೆಯ ಈವೆಂಟ್ ದಾಖಲಾಗುತ್ತದೆ. ಅದರಲ್ಲಿ ಕಾರಣ ಎರಡು ಕಡೆ ಇರುತ್ತದೆ. ‘ಸ್ಟೇಟಸ್’ ಎಂಬಲ್ಲಿ ಬಹುಮಟ್ಟಿಗೆ ಹೆಸರೋ ಪಾಸ್‌ವರ್ಡೋ ಸರಿಯಿಲ್ಲ ಎಂಬ ಜಾರಿಕೊಳ್ಳುವ ಉತ್ತರ. ನಿಜ ಹೇಳುವುದು ‘ಸಬ್ ಸ್ಟೇಟಸ್’. ಆ ಕೋಡಿನ ಕೊನೆಯಲ್ಲಿ 64 ಇದ್ದರೆ ಅಂಥ ಹೆಸರಿನ ಖಾತೆಯೇ ಇಲ್ಲ. 6ಎ ಇದ್ದರೆ ಹೆಸರು ಸರಿ, ಪಾಸ್‌ವರ್ಡ್ ತಪ್ಪು. 71 ಅಂದರೆ ಪಾಸ್‌ವರ್ಡಿನ ಅವಧಿ ಮುಗಿದಿದೆ, 72 ಅಂದರೆ ಖಾತೆಯನ್ನು ನಿಲ್ಲಿಸಲಾಗಿದೆ, 234 ಅಂದರೆ ಲಾಕ್ ಆಗಿದೆ. ಇದೇ ದಾಖಲೆಯಲ್ಲಿ ‘ಲಾಗಾನ್ ಟೈಪ್’ ಎಂಬ ಇನ್ನೊಂದು ಸಂಖ್ಯೆ ಇದೆ: 2 ಅಂದರೆ ಯಂತ್ರದ ಮುಂದೆಯೇ ಕೂತವರು, 3 ನೆಟ್‌ವರ್ಕಿನಿಂದ ಬಂದದ್ದು, 5 ಸರ್ವಿಸ್, 7 ಲಾಕ್ ಆದ ಪರದೆ ತೆರೆಯುವುದು, 10 ರಿಮೋಟ್ ಡೆಸ್ಕ್‌ಟಾಪ್. ಎರಡನ್ನೂ ಜೋಡಿಸಿ ಓದಿದರೆ ಮುಖಗಳು ಕಾಣತೊಡಗುತ್ತವೆ. 7ರ ಜೊತೆ 6ಎ ಬಂದರೆ ಟೀ ಕುಡಿದು ಬಂದು ಕ್ಯಾಪ್ಸ್ ಲಾಕ್ ನೋಡಿಕೊಳ್ಳದವರು. 5ರ ಜೊತೆ 6ಎ ಬಂದರೆ ಯಾರೋ ಸರ್ವಿಸ್ ಅಕೌಂಟಿನ ಪಾಸ್‌ವರ್ಡ್ ಬದಲಿಸಿ, ಅದನ್ನು ಬಳಸುವ ಸರ್ವಿಸ್‌ನಲ್ಲಿ ಹೊಸದನ್ನು ಹಾಕದೆ ಮನೆಗೆ ಹೋಗಿದ್ದಾರೆ. 3ರ ಜೊತೆ 72 ಬಂದರೆ ಕೆಲಸ ಬಿಟ್ಟವರ ಹೆಸರಿನಲ್ಲಿ ಯಾವುದೋ ಸ್ಕ್ರಿಪ್ಟ್ ಇನ್ನೂ ಓಡುತ್ತಿದೆ, ಇಲ್ಲವೇ ಬಿಟ್ಟವರೇ ಬಾಗಿಲು ತಟ್ಟುತ್ತಿದ್ದಾರೆ. 3ರ ಜೊತೆ 64, ಅದೂ ಒಂದರ ಹಿಂದೊಂದು ಬೇರೆ ಬೇರೆ ಹೆಸರಿನಲ್ಲಿ ಬಂದರೆ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂರಬೇಕು. (64ರಲ್ಲಿ ಇನ್ನೊಂದು ತಮಾಷೆಯಿದೆ, ತಮಾಷೆ ಅನ್ನಬಾರದು: ಅವಸರದಲ್ಲಿ ಹೆಸರಿನ ಜಾಗದಲ್ಲಿ ಪಾಸ್‌ವರ್ಡನ್ನೇ ಒತ್ತುವವರು ಎಲ್ಲ ಕಚೇರಿಗಳಲ್ಲೂ ಇದ್ದಾರೆ. ಅದು ಲಾಗಿನಲ್ಲಿ ಹಾಗೇ ಕೂರುತ್ತದೆ. ಮುಂದಿನ ಸಾಲಿನಲ್ಲೇ ಅದೇ ಯಂತ್ರದಿಂದ ಯಶಸ್ವಿ ಲಾಗಿನ್, ಅವರ ಹೆಸರಿನ ಸಮೇತ. ಲಾಗನ್ನು ಯಾರು ಯಾರು ಓದಬಹುದು ಎಂಬುದನ್ನೂ ಕಾಯಬೇಕಾದದ್ದು ಇದಕ್ಕೇ.)

ಕೋಡಿನಷ್ಟೇ ಮಾತಾಡುವ ಇನ್ನೊಂದು ಸಂಗತಿ ಲಯ. ಮನುಷ್ಯ ತಪ್ಪುವುದಕ್ಕೆ ಒಂದು ಸಹಜ ಗತಿ ಇದೆ. ಒಮ್ಮೆ ತಪ್ಪುತ್ತಾನೆ, ತಕ್ಷಣ ಇನ್ನೊಮ್ಮೆ ತಪ್ಪುತ್ತಾನೆ, ಆಮೇಲೆ ತುಸು ನಿಂತು ನಿಧಾನವಾಗಿ ಒತ್ತುತ್ತಾನೆ, ಒಳಗೆ ಹೋಗುತ್ತಾನೆ. ಯಂತ್ರ ನಿಲ್ಲುವುದಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಸರಿಯಾಗಿ ಅದೇ ಸೆಕೆಂಡಿಗೆ ಬರುವ ವೈಫಲ್ಯದ ಹಿಂದೆ ಶೆಡ್ಯೂಲ್ ಮಾಡಿಟ್ಟ ಕೆಲಸವೊಂದು ಇದ್ದೇ ಇರುತ್ತದೆ. ಪಾಸ್‌ವರ್ಡ್ ಬದಲಿಸಿದ ದಿನದಿಂದ ಶುರುವಾಗಿ ಮೇಲ್ ಸರ್ವರಿನ ಕಡೆಯಿಂದ ಬರುವುದಾದರೆ ಆ ವ್ಯಕ್ತಿಯ ಜೇಬಿನ ಫೋನು ಹಳೆಯದನ್ನೇ ಜಪಿಸುತ್ತಿದೆ. ಮೈಕ್ರೋಸಾಫ್ಟಿನವರಿಗೂ ಈ ಫೋನುಗಳ ಸ್ವಭಾವ ಗೊತ್ತು. ತಪ್ಪಾಗಿ ಬಂದ ಪಾಸ್‌ವರ್ಡ್ ಅದೇ ಬಳಕೆದಾರರ ಹಿಂದಿನ ಎರಡರಲ್ಲಿ ಒಂದಾಗಿದ್ದರೆ ವಿಂಡೋಸ್ ಖಾತೆಗಳನ್ನು ನೋಡಿಕೊಳ್ಳುವ ಆಕ್ಟಿವ್ ಡೈರೆಕ್ಟರಿ ಅದನ್ನು ಖಾತೆ ಲಾಕ್ ಮಾಡುವ ಲೆಕ್ಕಕ್ಕೆ ಹಿಡಿಯುವುದಿಲ್ಲ. ಖಾತೆ ಉಳಿಯುತ್ತದೆ, ಆದರೆ ಅಲರ್ಟ್ ಬರುವುದು ನಿಲ್ಲುವುದಿಲ್ಲ. ಮೊರದಲ್ಲಿ ಅಕ್ಕಿ ಹರಡಿಕೊಂಡು ಆರಿಸುವವರಿಗೆ ಕಲ್ಲು ಯಾವುದು, ನೆಲ್ಲು ಯಾವುದು ಎಂದು ಸ್ವಲ್ಪ ಹೊತ್ತಿನ ಮೇಲೆ ಬೆರಳಿಗೇ ತಿಳಿಯುವಂತೆ, ಇಲ್ಲಿಯೂ ಕಣ್ಣಿಗೆ ಒಂದು ಅಭ್ಯಾಸ ಬರುತ್ತದೆ. ನನ್ನ ಮಟ್ಟಿಗೆ ಈ ಕೆಲಸದ ಅರ್ಧ ಸುಖ ಅದರಲ್ಲಿದೆ.

ಹೀಗೆ ಓದಿದ ಮೇಲೆ ಮಾಡಬೇಕಾದ ರಿಪೇರಿ ಹೆಚ್ಚಾಗಿ ನಿಗಾ ವ್ಯವಸ್ಥೆಯ ಹೊರಗೇ ಇರುತ್ತದೆ. ಸರ್ವಿಸ್ ಅಕೌಂಟುಗಳಿಗೆ ತಾವೇ ಪಾಸ್‌ವರ್ಡ್ ಬದಲಿಸಿಕೊಳ್ಳುವ ಬಗೆಯ ಖಾತೆಗಳು ವಿಂಡೋಸ್ ಸರ್ವರ್ 2008 ಆರ್2ರ ಕಾಲದಿಂದಲೂ ಇವೆ. ಅವನ್ನು ಬಳಸಿದರೆ ಒಂದು ಜಾತಿಯ ಅಲರ್ಟೇ ಹುಟ್ಟುವುದಿಲ್ಲ. ಮೂರು ತಿಂಗಳಿಗೊಮ್ಮೆ ಎಲ್ಲರೂ ಪಾಸ್‌ವರ್ಡ್ ಬದಲಿಸಲೇಬೇಕೆಂಬ ಕಟ್ಟಪ್ಪಣೆಯನ್ನು, ಸೋರಿಕೆಯ ಸುಳಿವಿಲ್ಲದೆ ಹೇರಬೇಡಿ ಎಂದು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಆ ಪದ್ಧತಿ ಬಿಟ್ಟ ಕಚೇರಿಯಲ್ಲಿ ಪಾಸ್‌ವರ್ಡ್ ಬದಲಾದ ವಾರದ ಗದ್ದಲವೂ ಹೋಗುತ್ತದೆ. ಇಂಟರ್‌ನೆಟ್‌ಗೆ ತೆರೆದಿಟ್ಟ ಲಿನಕ್ಸ್ ಸರ್ವರುಗಳದ್ದು ಬೇರೆ ಕಥೆ. ಅಲ್ಲಿ ರೂಟ್, ಅಡ್ಮಿನ್, ಟೆಸ್ಟ್, ಒರಾಕಲ್, ಉಬುಂಟು ಎಂಬ ಹೆಸರುಗಳಲ್ಲಿ ಲೋಕವೆಲ್ಲ ಬಾಗಿಲು ತಟ್ಟುತ್ತಲೇ ಇರುತ್ತದೆ. ದೂರದಿಂದ ಲಾಗಿನ್ ಆಗುವ ಬಾಗಿಲಾದ ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಪದ್ಧತಿ ನಿಲ್ಲಿಸಿ ಬರೀ ಕೀ ಇಟ್ಟುಕೊಂಡರೆ ಪಾಸ್‌ವರ್ಡ್ ಊಹಿಸುವ ಆಟ ಮುಗಿಯುತ್ತದೆ, ತಟ್ಟುವ ಸದ್ದು ಮುಗಿಯುವುದಿಲ್ಲ. ಅದೂ ನಿಲ್ಲಬೇಕಾದರೆ ಆ ಬಾಗಿಲು ವಿಪಿಎನ್ ಹಿಂದೆ ಹೋಗಬೇಕು. ಪೋರ್ಟ್ ಸಂಖ್ಯೆ ಬದಲಿಸುವ ಜಾಣತನದಿಂದ ಸದ್ದು ಇಳಿಯುತ್ತದೆ, ಸುರಕ್ಷತೆ ಏರುವುದಿಲ್ಲ.

ಇಷ್ಟೆಲ್ಲ ಏಕೆ, ಮಿತಿ ಏರಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಎರಡು ನಿಮಿಷದಲ್ಲಿ ಎಂಟು ವೈಫಲ್ಯಕ್ಕೆ ಕೂಗುವ ರೂಲನ್ನು ಇಪ್ಪತ್ತಕ್ಕೆ ಕೂಗುವಂತೆ ಮಾಡಿದರಾಯಿತಲ್ಲ. ಎಣಿಕೆಯ ಮೇಲಿನ ಈ ಭರವಸೆ ಹಳೆಯದು, ಒಂದು ಕಾಲಕ್ಕೆ ಸರಿಯಾದದ್ದೂ ಹೌದು. ಡೊರೊಥಿ ಡೆನಿಂಗ್ 1987ರಲ್ಲಿ ಪ್ರಕಟಿಸಿದ ಒಳನುಗ್ಗುವಿಕೆ ಪತ್ತೆಯ ಮಾದರಿಯಲ್ಲಿ, ಒಂದು ಖಾತೆಯಲ್ಲೋ ಇಡೀ ವ್ಯವಸ್ಥೆಯಲ್ಲೋ ಪಾಸ್‌ವರ್ಡ್ ತಪ್ಪುವ ಪ್ರಮಾಣ ಅಸಹಜವಾಗಿ ಏರಿದರೆ ಯಾರೋ ಒಡೆದು ನುಗ್ಗಲು ನೋಡುತ್ತಿದ್ದಾರೆಂದು ತಿಳಿಯಬೇಕು ಎಂಬ ಮಾತಿದೆ. ಆದರೆ ಕಳ್ಳರೂ ಅದನ್ನು ಓದಿದ್ದಾರೆ. 2023ರ ನವೆಂಬರ್ ಕೊನೆಯಲ್ಲಿ ‘ಮಿಡ್‌ನೈಟ್ ಬ್ಲಿಝರ್ಡ್’ ಎಂದು ಹೆಸರಿಸಲಾಗುವ ರಷ್ಯಾದ ಗುಂಪು ಮೈಕ್ರೋಸಾಫ್ಟಿನೊಳಗೆ ಕಾಲಿಟ್ಟದ್ದು ಪಾಸ್‌ವರ್ಡ್ ಸ್ಪ್ರೇ ಎಂಬ ಉಪಾಯದಿಂದ. ಒಂದೇ ಹೆಸರಿಗೆ ನೂರು ಪಾಸ್‌ವರ್ಡ್ ಹಾಕಿ ನೋಡುವ ಬದಲು ಹಲವು ಹೆಸರುಗಳಿಗೆ ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡುವುದು ಆ ಉಪಾಯ. ಅದರಲ್ಲೂ ಅವರು ಆರಿಸಿಕೊಂಡದ್ದು ಕೆಲವೇ ಖಾತೆಗಳನ್ನು, ಮಾಡಿದ್ದು ಕೆಲವೇ ಪ್ರಯತ್ನಗಳನ್ನು, ಅದೂ ಸಾಮಾನ್ಯ ಮನೆಗಳ ಇಂಟರ್‌ನೆಟ್ ವಿಳಾಸಗಳ ಹಿಂದೆ ನಿಂತು. ಸಿಕ್ಕಿದ್ದು ಪರೀಕ್ಷೆಗೆಂದು ಎಂದೋ ಮಾಡಿ ಮರೆತ, ಎರಡನೆಯ ಹಂತದ ದೃಢೀಕರಣವಿಲ್ಲದ ಖಾತೆ. ಕಂಪನಿಗೆ ಗೊತ್ತಾದದ್ದು 2024ರ ಜನವರಿ 12ರಂದು. ಮಿತಿಯನ್ನು ಎಂಟರಿಂದ ಇಪ್ಪತ್ತಕ್ಕೆ ಏರಿಸಿದವರು ಇಂಥವರಿಗೆ ಇನ್ನೂ ಹನ್ನೆರಡು ಅವಕಾಶ ದಾನ ಮಾಡುತ್ತಾರೆ, ತಮ್ಮ ಮುರಿದ ಸ್ಕ್ರಿಪ್ಟಿನ ಮುನ್ನೂರು ವೈಫಲ್ಯಗಳನ್ನು ಮಾತ್ರ ಹಾಗೇ ಕೇಳುತ್ತಿರುತ್ತಾರೆ. ಗದ್ದಲ ಮಾಡುವುದು ಮನೆಯವರು, ಮೆಲ್ಲಗೆ ನಡೆಯುವುದು ಕಳ್ಳರು. ಎಣಿಕೆಯನ್ನೇ ನಂಬಿದರೆ ಜರಡಿ ತಲೆಕೆಳಗಾಗುತ್ತದೆ.

ಎಣಿಕೆ ಬಿಟ್ಟು ಏನನ್ನು ಹಿಡಿಯಬೇಕು? ಸಂಬಂಧವನ್ನು. ಒಂದು ಮೂಲದಿಂದ ಎಷ್ಟು ಸಲ ಎನ್ನುವುದಕ್ಕಿಂತ ಎಷ್ಟು ಬೇರೆ ಬೇರೆ ಹೆಸರು ಎನ್ನುವುದು ಹೆಚ್ಚು ಹೇಳುತ್ತದೆ. ಮೂರು ವೈಫಲ್ಯಕ್ಕಿಂತ ಮೂರು ವೈಫಲ್ಯದ ನಂತರ ಹೊಸ ಜಾಗದಿಂದ ಬಂದ ಒಂದು ಯಶಸ್ಸು ಹೆಚ್ಚು ಹೇಳುತ್ತದೆ. ಯಾರೂ ಬಳಸದ, ಬೇಕೆಂದೇ ಆಕರ್ಷಕ ಹೆಸರಿಟ್ಟು ಮಾಡಿದ ಬಲೆ ಖಾತೆಗೆ ಒಂದೇ ಒಂದು ತಪ್ಪು ಪಾಸ್‌ವರ್ಡ್ ಬಂದರೂ ನಡುರಾತ್ರಿ ಎಬ್ಬಿಸಬಹುದು, ಏಕೆಂದರೆ ಅಲ್ಲಿ ತಪ್ಪುವುದಕ್ಕೆ ಪ್ರಾಮಾಣಿಕರಿಗೆ ಕಾರಣವೇ ಇಲ್ಲ. ಇನ್ನು ಅಮೆರಿಕದ ಇಂಧನ ಕೊಳವೆ ಕಂಪನಿ ಕೊಲೋನಿಯಲ್ ಪೈಪ್‌ಲೈನ್ ಮೇಲಿನ 2021ರ ದಾಳಿಯಲ್ಲಿ, ಬಳಕೆಯಲ್ಲಿಲ್ಲದ ವಿಪಿಎನ್ ಖಾತೆಯೊಂದರ ಪಾಸ್‌ವರ್ಡ್ ಹಿಡಿದೇ ಕಳ್ಳರು ಒಳಬಂದರು. ಕೈಯಲ್ಲಿ ಪಾಸ್‌ವರ್ಡ್ ಇದ್ದವರಿಗೆ ವೈಫಲ್ಯದ ಅಲರ್ಟ್ ಎಷ್ಟಿದ್ದರೂ ಅಡ್ಡಿಯಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದು: ಒಂದು ಅಲರ್ಟ್ ಹೆಚ್ಚಾದರೆ ನಷ್ಟವಿಲ್ಲ, ಒಂದು ತಪ್ಪಿದರೆ ಮನೆ ಹೋಗುತ್ತದೆ, ಆದ್ದರಿಂದ ಎಲ್ಲವೂ ಬರಲಿ. ಇದಕ್ಕೆ ಒಳನುಗ್ಗುವಿಕೆ ಪತ್ತೆಯ ಸಂಶೋಧಕ ಸ್ಟೆಫಾನ್ ಆಕ್ಸೆಲ್ಸನ್ 1999ರಲ್ಲೇ ಲೆಕ್ಕದಲ್ಲಿ ಉತ್ತರ ಕೊಟ್ಟಿದ್ದಾರೆ. ಅವರ ತರ್ಕವನ್ನು ಸಣ್ಣ ಅಂಕಿಗಳಲ್ಲಿ ಹಾಕಿ ನೋಡೋಣ. ದಿನಕ್ಕೆ ಹತ್ತು ಲಕ್ಷ ದಾಖಲೆಗಳಲ್ಲಿ ಹತ್ತು ನಿಜವಾದ ದಾಳಿಯವು ಎಂದುಕೊಳ್ಳಿ. ನಮ್ಮ ರೂಲ್ ಆ ಹತ್ತನ್ನೂ ಹಿಡಿಯುತ್ತದೆ, ಉಳಿದವುಗಳಲ್ಲಿ ನೂರಕ್ಕೆ ಒಂದರಲ್ಲಿ ಮಾತ್ರ ಎಡವುತ್ತದೆ. ಕೇಳಲು ಚೆನ್ನಾಗಿದೆ. ಆದರೂ ಬರುವ ಸುಮಾರು ಹತ್ತು ಸಾವಿರ ಅಲರ್ಟ್‌ಗಳಲ್ಲಿ ಕೆಲಸದ್ದು ಹತ್ತೇ. ಸಾವಿರಕ್ಕೆ ಒಂದನ್ನು ನಂಬಿ ಪ್ರತಿಯೊಂದನ್ನೂ ಹೊಸದೆಂಬಂತೆ ನೋಡುವ ಮನುಷ್ಯ ಇಲ್ಲ. 1994ರ ಜುಲೈ 24ರಂದು ವೇಲ್ಸಿನ ಮಿಲ್‌ಫೋರ್ಡ್ ಹೇವನ್ ತೈಲ ಸಂಸ್ಕರಣಾಗಾರ ಸ್ಫೋಟಗೊಳ್ಳುವ ಮುಂಚಿನ ಹನ್ನೊಂದು ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರ್ಮ್ ಬಂದಿದ್ದವು. ನಮ್ಮ ಊರಿಗೇ ತಗುಲುವ ಉದಾಹರಣೆಯೂ ಇದೆ. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ನಾಲ್ಕು ಕೋಟಿ ಕಾರ್ಡುಗಳ ಮಾಹಿತಿ ಕಳುವಾದಾಗ, ನವೆಂಬರ್ 30ರಂದೇ ಬೆಂಗಳೂರಿನಲ್ಲಿದ್ದ ನಿಗಾ ತಂಡ ಅಲರ್ಟ್ ಕಂಡು ಮಿನಿಯಾಪೊಲಿಸ್‌ಗೆ ತಿಳಿಸಿತ್ತು, ಮುಂದಿನ ಕ್ರಮವಾಗಲಿಲ್ಲ ಎಂದು ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಮರುವರ್ಷ ವರದಿ ಮಾಡಿತು. ಅದು ಲಾಗಿನ್ ಅಲರ್ಟ್ ಅಲ್ಲ, ಮಾಲ್‌ವೇರಿನದು. ಆದರೂ ಅಲರ್ಟ್ ಬರುವುದು ಬೇರೆ, ಅದಕ್ಕೆ ಯಾರಾದರೂ ಏಳುವುದು ಬೇರೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅಲರ್ಟ್ ನಿಲ್ಲಿಸಿದರೆ ನಾಳೆ ತನಿಖೆಗೆ ಸಾಕ್ಷ್ಯ ಎಲ್ಲಿಂದ ತರುತ್ತೀರಿ ಎಂಬ ಪ್ರಶ್ನೆಯೂ ನ್ಯಾಯದ್ದೇ. ಅಲರ್ಟ್ ಬೇರೆ, ಲಾಗ್ ಬೇರೆ. ನಮ್ಮ ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕು ಎನ್ನುತ್ತದೆ. ಎಲ್ಲವನ್ನೂ ಕೂಗಿ ಹೇಳಬೇಕು ಎನ್ನುವುದಿಲ್ಲ. ಆದರೆ ಇಲ್ಲೊಂದು ಗುಂಡಿ ಇದೆ. ವಾಜುವಿನಂಥ ಉಚಿತ ನಿಗಾ ವ್ಯವಸ್ಥೆಯಲ್ಲಿ ರೂಲಿನ ಮಟ್ಟವನ್ನು ಸೊನ್ನೆಗಿಳಿಸಿದರೆ ಅಲರ್ಟ್ ನಿಲ್ಲುತ್ತದೆ, ಜೊತೆಗೆ ಆ ದಾಖಲೆಯೂ ಅದರ ಮ್ಯಾನೇಜರ್ ಸರ್ವರಿನಲ್ಲಿ ಉಳಿಯುವುದಿಲ್ಲ, ಏಕೆಂದರೆ ಅಲರ್ಟ್ ಆಗದ ದಾಖಲೆಗಳನ್ನು ಇಡುವ ‘ಲಾಗ್‌ಆಲ್’ ಎಂಬ ಆಯ್ಕೆ ತಾನಾಗಿ ಆನ್ ಆಗಿರುವುದಿಲ್ಲ. ಅದನ್ನು ಆನ್ ಮಾಡಿ ಡಿಸ್ಕಿಗೆ ಜಾಗ ಹೊಂದಿಸಿದ ಮೇಲೆಯೇ ಯಾವುದಾದರೂ ರೂಲಿನ ದನಿ ಇಳಿಸಬೇಕು.

ಇದನ್ನೆಲ್ಲ ಮೆಷೀನ್ ಲರ್ನಿಂಗಿಗೆ ಬಿಡಬಾರದೇ ಎಂದು ಈಚೆಗೆ ಎಲ್ಲ ಸಭೆಗಳಲ್ಲೂ ಕೇಳುತ್ತಾರೆ. ಬಿಡಬಹುದು, ಮನೆ ಗುಡಿಸಿದ ಮೇಲೆ. ಗುಡಿಸದೆ ಬಿಟ್ಟರೆ ಅದು ವರ್ಷದಿಂದ ಮುರಿದಿರುವ ಸ್ಕ್ರಿಪ್ಟನ್ನೇ ಸಹಜವೆಂದು ಕಲಿಯುತ್ತದೆ, ಅದನ್ನು ಯಾರಾದರೂ ಸರಿಪಡಿಸಿದ ದಿನ ಗಾಬರಿಯಾಗುತ್ತದೆ. ಪುರುಸೊತ್ತಿಲ್ಲ ಎನ್ನುವವರಿಗೆ ನನ್ನದು ಚಿಕ್ಕ ಉತ್ತರ: ಒಂದು ವಾರದ ಅಲರ್ಟ್‌ಗಳನ್ನು ಖಾತೆ ಮತ್ತು ಮೂಲದ ಪ್ರಕಾರ ಗುಂಪು ಮಾಡಿ ಮೇಲಿನಿಂದ ನೋಡುತ್ತ ಬಂದರೆ, ಬೆರಳೆಣಿಕೆಯ ಮೂಲಗಳೇ ಬಹುಪಾಲು ಗದ್ದಲಕ್ಕೆ ಕಾರಣವಾಗಿರುತ್ತವೆ.

ಎಷ್ಟು ರಿಪೇರಿ ಮಾಡಿದರೂ ಉಳಿಯುವ ಕೆಲವಿವೆ. ಭದ್ರತಾ ತಂಡದ್ದೇ ಸ್ಕ್ಯಾನರ್ ವಾರಕ್ಕೊಮ್ಮೆ ಎಲ್ಲ ಯಂತ್ರಗಳ ಬಾಗಿಲು ತಟ್ಟಿ ನೋಡುತ್ತದೆ, ಅದು ತಟ್ಟಲೇಬೇಕು. ಇಂಥದ್ದಕ್ಕೆ ವಿನಾಯಿತಿ ಬರೆಯುವಾಗ ಕೈ ಬಿಗಿಯಾಗಿರಬೇಕು. ಸ್ಕ್ಯಾನರಿನ ವಿಳಾಸವೊಂದನ್ನೇ ವೈಟ್‌ಲಿಸ್ಟಿಗೆ ಹಾಕಿದರೆ ಆ ಯಂತ್ರವನ್ನು ಹಿಡಿದ ಕಳ್ಳನಿಗೆ ರಾಜಮಾರ್ಗ. ವಿಳಾಸ, ಖಾತೆ, ವಾರದ ದಿನ, ಗಂಟೆ ಎಲ್ಲವೂ ಕೂಡಿ ಬಂದರೆ ಮಾತ್ರ ಸುಮ್ಮನಿರು ಎಂದು ಬರೆಯಬೇಕು. ವಾಜುವಿನ ಮೂಲ ರೂಲ್ ಕಡತ ಮುಟ್ಟುವಂತಿಲ್ಲ, ಅಪ್‌ಗ್ರೇಡ್ ಆದಾಗ ಅಲ್ಲಿ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಸ್ಥಳೀಯ ಕಡತದಲ್ಲಿ ಆ ರೂಲಿನ ಕೆಳಗೆ ಮರಿ ರೂಲೊಂದನ್ನು ಬರೆದು, ಅದರ ತಲೆಯ ಮೇಲೆ ಯಾರು ಬರೆದದ್ದು, ಏಕೆ, ಯಾವ ದಿನಾಂಕದವರೆಗೆ ಎಂಬ ಮೂರನ್ನೂ ಟಿಪ್ಪಣಿಯಲ್ಲಿ ಹಾಕಬೇಕು. ಈ ಮೂರೂ ಇಲ್ಲದ ವಿನಾಯಿತಿ ಕಂಡರೆ ನಾನು ಯಾರನ್ನೂ ಕೇಳುತ್ತ ಕೂರುವ ಪಕ್ಷದವನಲ್ಲ. ಅದನ್ನು ತೆಗೆದು ನೋಡಬೇಕು, ಏನನ್ನು ಮುಚ್ಚಿಟ್ಟಿತ್ತು ಎಂದು ಡ್ಯಾಶ್‌ಬೋರ್ಡೇ ಹೇಳುತ್ತದೆ.