ಹಾಡುಗಾರ ಹೋದ ಮೇಲೆ ಬ್ಯಾಂಡ್ ಯಾರದ್ದು?

ಗೆಳೆಯರ ಜೊತೆ ಕೂತಾಗ ರಾಜಕೀಯ ಮಾತಾಡಬೇಡಿ ಅಂತಾರೆ. ಆ ಪಟ್ಟಿಗೆ ಲಿಂಕಿನ್ ಪಾರ್ಕನ್ನೂ ಸೇರಿಸಬೇಕು ಅಂತ ನನಗೆ ಗೊತ್ತಾಗಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಆ ತಿಂಗಳು 5ನೇ ತಾರೀಕು ಈ ಬ್ಯಾಂಡ್ ಏಳು ವರ್ಷದ ಮೌನ ಮುರಿದು ವಾಪಸ್ ಬಂತು. ಚೆಸ್ಟರ್ ಬೆನಿಂಗ್ಟನ್ ನಿಲ್ಲುತ್ತಿದ್ದ ಜಾಗದಲ್ಲಿ ಎಮಿಲಿ ಆರ್ಮ್‌ಸ್ಟ್ರಾಂಗ್ ಅನ್ನೋ ಹಾಡುಗಾರ್ತಿ ನಿಂತಿದ್ದಳು. ಅವತ್ತಿಂದ ನಮ್ಮ ಗೆಳೆಯರಲ್ಲಿ ಎರಡು ಪಕ್ಷ. "ಚೆಸ್ಟರ್ ಇಲ್ದೆ ಲಿಂಕಿನ್ ಪಾರ್ಕಾ? ಅಕ್ಕಿ ಇಲ್ದೆ ಇಡ್ಲಿ ಮಾಡ್ದಂಗೆ" ಅಂತ ಒಬ್ಬ. "ಲೋ, ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಇದ್ದಾಗಲೇ ಅಲ್ವೇನೋ ರವೆ ಇಡ್ಲಿ ಹುಟ್ಟಿದ್ದು" ಅಂತ ಇನ್ನೊಬ್ಬ. :)

ನಗು ಬಂದರೂ ಪ್ರಶ್ನೆ ನಗುವಂಥದ್ದಲ್ಲ. ಹಾಡುಗಾರ ಸತ್ತ ಮೇಲೆ ಉಳಿದವರು ಮತ್ತೆ ಸೇರಬಹುದಾ? ಸೇರಿದರೆ ಅದೇ ಹೆಸರಿಟ್ಟುಕೊಳ್ಳಬಹುದಾ? ಅವನ ಹಾಡುಗಳನ್ನ ಇನ್ನೊಬ್ಬರ ಕೈಲಿ ಹಾಡಿಸಬಹುದಾ? ಇವು ಮೂರೂ ಬೇರೆಬೇರೆ ಪ್ರಶ್ನೆಗಳು. ಜಗಳ ಆಡುವಾಗ ಮಾತ್ರ ನಾವು ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತೀವಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕ್ಯಾಲಿಫೋರ್ನಿಯಾದ ಕೆಲವು ಹುಡುಗರು 1996ರಲ್ಲಿ 'ಝೀರೋ' ಅಂತ ಒಂದು ಬ್ಯಾಂಡ್ ಕಟ್ಟಿದರು. ಅದರಲ್ಲಿ ಆಗ ಹಾಡುತ್ತಿದ್ದವನು ಬೇರೆ ಒಬ್ಬ. ಅರಿಜೋನಾದಿಂದ ಚೆಸ್ಟರ್ ಬಂದು ಸೇರಿಕೊಂಡಿದ್ದು 1999ರಲ್ಲಿ. ಮರುವರ್ಷ ಅಕ್ಟೋಬರ್‌ನಲ್ಲಿ 'ಹೈಬ್ರಿಡ್ ಥಿಯರಿ' ಬಂತು, 2003ರಲ್ಲಿ 'ಮೀಟಿಯೋರಾ'. ನಾನು ಇವನ್ನೆಲ್ಲ ಕೇಳಿದ್ದು ತುಂಬಾ ತಡವಾಗಿ, ಹೈಸ್ಕೂಲಿನಲ್ಲಿದ್ದಾಗ, ಅಣ್ಣನೊಬ್ಬನ ಮೆಮೊರಿ ಕಾರ್ಡಿನಿಂದ. ಪದಗಳು ಅರ್ಧ ತಿಳೀತಿರಲಿಲ್ಲ, ಆದರೆ ಆ ಕೂಗು ತಿಳೀತಿತ್ತು. ಒಂದು ಕ್ಷಣ ಪಿಸುಮಾತು, ಮರುಕ್ಷಣ ಗಂಟಲು ಹರಿಯೋ ಹಾಗೆ ಕೂಗು, ಆದರೂ ಸ್ವರ ಮಾತ್ರ ಜಾರುತ್ತಿರಲಿಲ್ಲ. 2017ರ ಜುಲೈ 20ರಂದು ಅವನು ತನ್ನ ಜೀವ ತಾನೇ ಕಳೆದುಕೊಂಡ. ವಯಸ್ಸು 41. ಅದೇ ಮೇ ತಿಂಗಳಲ್ಲಿ ಹಾಗೇ ತೀರಿಕೊಂಡಿದ್ದ ಗೆಳೆಯ ಕ್ರಿಸ್ ಕಾರ್ನೆಲ್‌ನ ಹುಟ್ಟಿದ ದಿನ ಅದು.

ಈಗ ಈ ವಾದಕ್ಕೆ ಹಳೇ ಉದಾಹರಣೆಗಳನ್ನ ತೆಗೆದು ನೋಡೋಣ. ಏನಾದರೂ ನಿಯಮ ಸಿಗುತ್ತಾ ಅಂತ ನಾನು ಸುಮಾರು ರಾತ್ರಿ ಇದೇ ಕೆಲಸ ಮಾಡಿದೀನಿ. ಬಗ್ ಹುಡುಕೋ ಅಭ್ಯಾಸ, ಏನ್ ಮಾಡೋದು!

ಮೊದಲನೇದು ಎಸಿ/ಡಿಸಿ. ಹಾಡುಗಾರ ಬಾನ್ ಸ್ಕಾಟ್ 1980ರ ಫೆಬ್ರವರಿ 19ರಂದು ಲಂಡನ್ನಿನಲ್ಲಿ ಸತ್ತ. ಅವನ ಮನೆಯವರೇ ನಿಲ್ಲಿಸಬೇಡಿ ಅಂದರಂತೆ. ಬ್ರಯಾನ್ ಜಾನ್ಸನ್‌ನ ಕರೆತಂದರು, ಅದೇ ಜುಲೈನಲ್ಲಿ 'ಬ್ಯಾಕ್ ಇನ್ ಬ್ಲ್ಯಾಕ್' ಹೊರಬಂತು. ಮುಖಪುಟ ಪೂರ್ತಿ ಕಪ್ಪು, ಮೊದಲ ಹಾಡು ಶುರುವಾಗೋದೇ ಗಂಟೆ ಬಡಿಯೋ ಸದ್ದಿನಿಂದ. ಐದು ತಿಂಗಳಲ್ಲಿ ಶೋಕವನ್ನೂ ಮಾಡಿ ಕೆಲಸವನ್ನೂ ಮಾಡಿದರು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳಲ್ಲಿ ಅದೂ ಒಂದು.

ಎರಡನೇದು ಜಾಯ್ ಡಿವಿಷನ್. ಇಯಾನ್ ಕರ್ಟಿಸ್ 1980ರ ಮೇ 18ರಂದು, ಮೊದಲ ಅಮೆರಿಕಾ ಪ್ರವಾಸಕ್ಕೆ ಹೊರಡೋ ಹಿಂದಿನ ದಿನ, ತೀರಿಕೊಂಡ. ಯಾರಾದರೂ ಒಬ್ಬರು ಬಿಟ್ಟುಹೋದರೂ ಹೆಸರು ಬದಲಾಯಿಸೋದು ಅಂತ ಅವರಲ್ಲಿ ಮೊದಲೇ ಒಪ್ಪಂದ ಇತ್ತು. ಉಳಿದವರು 'ನ್ಯೂ ಆರ್ಡರ್' ಆದರು, ಗಿಟಾರ್ ನುಡಿಸುತ್ತಿದ್ದ ಬರ್ನಾರ್ಡ್ ಸಮ್ನರ್ ಹಾಡೋಕೆ ನಿಂತ. ನಮ್ಮ ಭಾಷೇಲಿ ಹೇಳಬೇಕಂದ್ರೆ ಹಳೇ ಪ್ರಾಜೆಕ್ಟನ್ನ ಅಲ್ಲಿಗೇ ಬೀಗ ಹಾಕಿ, ಫೋರ್ಕ್ ಮಾಡಿ, ಹೊಸ ಹೆಸರಿಟ್ಟರು. 1983ರ 'ಬ್ಲೂ ಮಂಡೇ' ಕೇಳಿದರೆ ಇದು ಬೇರೆಯೇ ಜೀವ ಅಂತ ಗೊತ್ತಾಗುತ್ತೆ.

ಮೂರನೇದು ಕ್ವೀನ್. ಜಾಂಜಿಬಾರಿನಲ್ಲಿ ಹುಟ್ಟಿ ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ ಓದಿದ ಪಾರ್ಸಿ ಹುಡುಗ ಫಾರೂಖ್ ಬುಲ್ಸಾರ, ಅಂದರೆ ಫ್ರೆಡ್ಡಿ ಮರ್ಕ್ಯುರಿ, 1991ರ ನವೆಂಬರ್ 24ರಂದು ತೀರಿಕೊಂಡ. ಬೇಸ್ ನುಡಿಸುತ್ತಿದ್ದ ಜಾನ್ ಡೀಕನ್ 1997ರ ಹೊತ್ತಿಗೆ ಸಂಗೀತದಿಂದಲೇ ದೂರವಾದ, ಆಮೇಲೆ ಸೇರಲೂ ಇಲ್ಲ. ಬ್ರಯಾನ್ ಮೇ ಮತ್ತು ರೋಜರ್ ಟೇಲರ್ ಮಾತ್ರ ಮೊದಲು ಪಾಲ್ ರಾಜರ್ಸ್ ಜೊತೆ, ಆಮೇಲೆ ಆ್ಯಡಮ್ ಲ್ಯಾಂಬರ್ಟ್ ಜೊತೆ ವೇದಿಕೆ ಹತ್ತಿದರು. ಹೆಸರು 'ಕ್ವೀನ್ ಪ್ಲಸ್ ಆ್ಯಡಮ್ ಲ್ಯಾಂಬರ್ಟ್'. ಆ ಪ್ಲಸ್ ಚಿಹ್ನೆ ಮೇಲೆ ನನಗೆ ತುಂಬಾ ಪ್ರೀತಿ. ಇವನು ಅವನ ಬದಲಿ ಅಲ್ಲ, ಹೆಚ್ಚಿಗೆ ಬಂದವನು ಅಂತ ಒಂದೇ ಗೆರೆಯಡ್ಡ ಗೆರೆಯಲ್ಲಿ ಹೇಳಿಬಿಟ್ಟರು.

ನಾಲ್ಕನೇದು ಆಸ್ಟ್ರೇಲಿಯಾದ ಇನ್‌ಎಕ್ಸೆಸ್. ಮೈಕಲ್ ಹಚೆನ್ಸ್ ತೀರಿಕೊಂಡಿದ್ದು 1997ರಲ್ಲಿ. 2005ರಲ್ಲಿ ಇವರು ಟೀವಿ ರಿಯಾಲಿಟಿ ಶೋ ನಡೆಸಿ ಹೊಸ ಹಾಡುಗಾರನನ್ನ ಆರಿಸಿದರು! ಹೊಸ ಆಲ್ಬಮ್ಮೂ ಬಂತು. ಆದರೆ ಆ ಜೋಡಿ ಬಾಳಲಿಲ್ಲ, 2012ರಲ್ಲಿ ಪ್ರವಾಸವನ್ನೇ ನಿಲ್ಲಿಸಿದರು.

ಇದರ ಎದುರಿಗೆ ಲೆಡ್ ಜೆಪ್ಪೆಲಿನ್ ಇಡಿ. 1980ರ ಸೆಪ್ಟೆಂಬರ್‌ನಲ್ಲಿ ಸತ್ತಿದ್ದು ಹಾಡುಗಾರ ಅಲ್ಲ, ಡ್ರಮ್ಮರ್ ಜಾನ್ ಬಾನಮ್. ಹಾಡೋ ರಾಬರ್ಟ್ ಪ್ಲಾಂಟ್ ಗಟ್ಟಿಮುಟ್ಟಾಗಿದ್ದ. ಆದರೂ ಡಿಸೆಂಬರಿನಲ್ಲಿ ನಾಲ್ಕು ಸಾಲಿನ ಹೇಳಿಕೆ ಕೊಟ್ಟು ನಿಲ್ಲಿಸಿಬಿಟ್ಟರು. 2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಬಾನಮ್‌ನ ಮಗನನ್ನೇ ಡ್ರಮ್ಸ್‌ಗೆ ಕೂರಿಸಿ ಒಂದು ಪೂರ್ಣ ಕಾರ್ಯಕ್ರಮ ಕೊಟ್ಟರು, ಅಷ್ಟೇ. ಮತ್ತೆ ಪ್ರವಾಸ ಮಾಡಲೇ ಇಲ್ಲ.

ಏನು ನಿಯಮ ಸಿಕ್ಕಿತು? ಕಾಲ ಅಲ್ಲ. ಐದು ತಿಂಗಳಲ್ಲಿ ಸೇರಿದವರು ಗೆದ್ದರು, ಎಂಟು ವರ್ಷದ ಮೇಲೆ ಟೀವಿ ಶೋನಲ್ಲಿ ಹಾಡುಗಾರನನ್ನ ಆರಿಸಿದವರು ಸೋತರು. ಹೊಸ ಹಾಡು ಬರೆದರೆ ಸರಿ ಅನ್ನೋಣ ಅಂದ್ರೆ ಇನ್‌ಎಕ್ಸೆಸ್ಸೂ ಬರೆದಿತ್ತು. ಹಾಡುಗಾರನೇ ಬ್ಯಾಂಡಿನ ಆತ್ಮ ಅನ್ನೋಣ ಅಂದ್ರೆ ಜೆಪ್ಪೆಲಿನ್‌ನವರಿಗೆ ಡ್ರಮ್ಮರೇ ಆತ್ಮವಾಗಿದ್ದ. ಸಿಕ್ಕಿದ್ದು ಒಂದೇ ಒಂದು ಎಳೆ: ಸತ್ತವನ ಜಾಗವನ್ನ ಖಾಲಿ ಹುದ್ದೆ ಅಂತ ತಿಳಿದು ಭರ್ತಿ ಮಾಡೋಕೆ ಹೋದರೆ ಕೆಡುತ್ತೆ, ಆ ಜಾಗ ಹಾಗೇ ಇದೆ ಅಂತ ಒಪ್ಪಿಕೊಂಡು ಪಕ್ಕದಲ್ಲಿ ಬೇರೆಯವರನ್ನ ನಿಲ್ಲಿಸಿದರೆ ಉಳಿಯುತ್ತೆ.

ಲಿಂಕಿನ್ ಪಾರ್ಕಿನವರು ಆ ಜಾಗವನ್ನ ಒಮ್ಮೆ ಕಣ್ಣಿಗೇ ತೋರಿಸಿದ್ದರು. ಚೆಸ್ಟರ್ ಹೋದ ಮೂರು ತಿಂಗಳಿಗೆ, 2017ರ ಅಕ್ಟೋಬರ್ 27ರಂದು, ಹಾಲಿವುಡ್ ಬೌಲ್‌ನಲ್ಲಿ ಶ್ರದ್ಧಾಂಜಲಿ ಕಾರ್ಯಕ್ರಮ ಮಾಡಿದರು. ಬೇರೆ ಹಾಡುಗಳಿಗೆ ಬೇರೆಬೇರೆ ಅತಿಥಿಗಳು ಬಂದು ಹಾಡಿದರು. 'ನಂಬ್' ಬಂದಾಗ ಮಾತ್ರ ಮೈಕಿನ ಮುಂದೆ ಯಾರೂ ಇಲ್ಲ. ಹೂವು ಸುತ್ತಿದ ಮೈಕ್ ಸ್ಟ್ಯಾಂಡು, ಅದರ ಮೇಲೆ ಬೆಳಕು. ವಾದ್ಯ ನುಡಿಸೋರು ನುಡಿಸಿದರು, ಹಾಡನ್ನ ಪೂರ್ತಿ ಹಾಡಿದ್ದು ಜನ. ವೀಡಿಯೋ ಇದೆ, ನೋಡಿ. ಒಬ್ಬರೇ ಇರೋವಾಗ ನೋಡಿ.

ಇಷ್ಟೆಲ್ಲ ಯಾಕೆ ಕೊರೀತಿದೀನಿ ಅಂದ್ರೆ, ಈ ಪ್ರಶ್ನೆ ನಮ್ಮ ಮನೆ ಬಾಗಿಲಿಗೂ ಬಂತು. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ನಮ್ಮದೂ ಒಂದು ಬ್ಯಾಂಡ್ ಇತ್ತು. ಹೆಸರು ಹೇಳಿದರೆ ನಗ್ತೀರ, ಬೇಡ. ನಾಲ್ಕೇ ತಂತಿ ತಾನೇ ಅಂತ ಬೇಸ್ ಹಿಡಿದವನು ನಾನು. ನಮ್ಮ ಹಾಡುಗಾರನಿಗೆ ಲಿಂಕಿನ್ ಪಾರ್ಕೂ ಬರ್ತಿತ್ತು, ಶಿಶುನಾಳ ಶರೀಫರ ತತ್ವಪದವೂ ಬರ್ತಿತ್ತು, ಎರಡಕ್ಕೂ ಒಂದೇ ಗಂಟಲು. ತಾನೇ ಬರೆದು ರಾಗ ಹಾಕಿದ ಒಂದು ಕನ್ನಡ ಹಾಡೂ ಇತ್ತು. 2021ರ ಮೇನಲ್ಲಿ, ಕೊರೋನಾದ ಎರಡನೇ ಅಲೆಯಲ್ಲಿ ಅವನು ಹೋದ. ಇಪ್ಪತ್ನಾಲ್ಕು ವರ್ಷ. ನಾವ್ಯಾರೂ ಹೋಗಿ ನೋಡೋಕೂ ಆಗಲಿಲ್ಲ, ಆಗಿನ ಪರಿಸ್ಥಿತಿ ನಿಮಗೇ ಗೊತ್ತು.

ನಮ್ಮ ಬ್ಯಾಚಿನವರೆಲ್ಲ ಒಮ್ಮೆ ಸೇರೋದು ಅಂತ ಆದಾಗ ಡ್ರಮ್ಮರ್ ಫೋನ್ ಮಾಡಿ "ನುಡಿಸೋಣ್ವಾ?" ಅಂದ. ನಾನು ತಕ್ಷಣ ಹೂಂ ಅಂದೆ. ಗಿಟಾರಿನವನು ಆಗಲ್ಲ ಅಂದ. ಅವನ ಕಾರಣ ಕೇಳಿ. "ಚೆಸ್ಟರ್ ಹಾಡನ್ನ ಎಮಿಲಿ ಹಾಡಿದರೆ ಚೆಸ್ಟರಿಗೆ ಏನೂ ಆಗಲ್ಲ ಕಣೋ. ಅವನ ಆಲ್ಬಮ್‌ಗಳು ಹಾಗೇ ಇರ್ತವೆ. ನಮ್ಮವನದ್ದು ಏನಿದೆ? ಮೂರು ಮೊಬೈಲ್ ವೀಡಿಯೋ, ಅದೂ ಸದ್ದು ಒಡೆದುಹೋಗಿರೋದು. ಉಳಿದದ್ದೆಲ್ಲ ನಮ್ಮ ತಲೇಲಿ. ನಾಳೆ ಇನ್ಯಾರೋ ಅದನ್ನ ಹಾಡಿದರೆ ನನ್ನ ತಲೇಲಿ ಆ ಧ್ವನೀನೇ ಕೂತ್ಕೊಳುತ್ತೆ."

ಬ್ಯಾಕಪ್ ಇಲ್ಲದ ಡೇಟಾದ ಮೇಲೆ ಬರೀಬೇಡ ಅಂತ ನಾವು ದಿನಾ ಆಫೀಸಿನಲ್ಲಿ ಹೇಳೋ ಮಾತೇ ಅದು. ದೊಡ್ಡ ಬ್ಯಾಂಡುಗಳ ಬಗ್ಗೆ ಜಗಳ ಆಡುವಾಗ ನನಗೆ ಹೊಳೆಯದೇ ಇದ್ದ ವಿಷಯ. ಕ್ವೀನ್ ಮತ್ತೆ ಸೇರಬಲ್ಲದು, ಯಾಕಂದರೆ ಫ್ರೆಡ್ಡಿಯನ್ನ ಯಾರೂ ಅಳಿಸೋಕಾಗಲ್ಲ. ಊರಿನ ಸಣ್ಣ ಹಾಡುಗಾರರಿಗೆ, ಭಜನೆ ಮೇಳದ ಅಜ್ಜಂದಿರಿಗೆ, ಹಾಸ್ಟೆಲ್ ಹುಡುಗರಿಗೆ ಆ ಭಾಗ್ಯ ಇಲ್ಲ.

ಹಾಗಾಗಿ ಮೊದಲು ಬ್ಯಾಕಪ್ ಮಾಡಿದೆವು. 2023ರ ನವೆಂಬರ್‌ನಲ್ಲಿ ಬೀಟಲ್ಸ್‌ನವರ 'ನೌ ಅಂಡ್ ದೆನ್' ಬಂತಲ್ಲ, ಅದರಲ್ಲಿ ಜಾನ್ ಲೆನನ್‌ನ ಹಳೇ ಕ್ಯಾಸೆಟ್ಟಿನಿಂದ ಪಿಯಾನೋ ಬೇರೆ, ಧ್ವನಿ ಬೇರೆ ಮಾಡಿ ತೆಗೆದಿದ್ದರು. ಅಂಥದ್ದೇ ಕೆಲಸ ಮಾಡೋ ತಂತ್ರಾಂಶ ಈಗ ನಮ್ಮ ಲ್ಯಾಪ್‌ಟಾಪಿನಲ್ಲೂ ಓಡುತ್ತೆ. ಒಂದು ಶನಿವಾರ ಕೂತು ಮೂರು ವೀಡಿಯೋದಿಂದಲೂ ಅವನ ಧ್ವನಿ ಬಿಡಿಸಿದೆವು. ಅವನ ಸ್ವಂತ ಹಾಡಿನ ಒಂದು ನಿಮಿಷ ನಲವತ್ತು ಸೆಕೆಂಡು ಚೆನ್ನಾಗಿ ಬಂತು. ಹಿಂದೆ ಫ್ಯಾನಿನ ಗುಯ್ ಸದ್ದು, ಯಾರೋ ಹೊಡೆದ ಸಿಳ್ಳೆ ಉಳಿದುಕೊಂಡಿತ್ತು. ಅದನ್ನೂ ತೆಗೆಯಬಹುದಿತ್ತು, ಬಿಟ್ಟೆವು. ಪೆನ್‌ಡ್ರೈವಿಗೆ ಹಾಕಿ ಅವನ ಅಮ್ಮನಿಗೆ ಕೊಟ್ಟು ಬಂದೆವು.

ಆಗ ಇನ್ನೊಂದು ಆಸೆ ಬಂತು. ಧ್ವನಿ ಇದೆ, ವೇದಿಕೆ ಮೇಲೆ ಅದನ್ನೇ ಹಾಕಿ ನಾವು ಜೊತೆಗೆ ನುಡಿಸಿದರೆ? ನಮ್ಮ ಅಪ್ಪು ತೀರಿಕೊಂಡ ಮೇಲೆ 2022ರ ಮಾರ್ಚ್‌ನಲ್ಲಿ 'ಜೇಮ್ಸ್' ಬಂದಾಗ ಅವರ ಪಾತ್ರಕ್ಕೆ ಶಿವಣ್ಣ ಧ್ವನಿ ಕೊಟ್ಟಿದ್ದರು. ಅದು ಅಪ್ಪು ಧ್ವನಿ ಅಲ್ಲ ಅಂತ ಇಡೀ ಕರ್ನಾಟಕಕ್ಕೆ ಗೊತ್ತಿತ್ತು, ಆದರೂ ಅಣ್ಣನೇ ತಮ್ಮನಿಗಾಗಿ ಮಾತಾಡ್ತಿದಾನೆ ಅನ್ನೋದೇ ಜನರನ್ನ ಅಳಿಸಿತು. ಧ್ವನಿ ತದ್ರೂಪ ಆಗಿರಬೇಕು ಅಂತೇನಿಲ್ಲ, ಯಾರು ಯಾರಿಗಾಗಿ ಅನ್ನೋದು ಮುಖ್ಯ ಅನ್ನಿಸಿತು. ರೆಕಾರ್ಡಿಂಗ್ ಹಾಕೋದು ಬೇಡ ಅಂತ ತೀರ್ಮಾನ ಆಯ್ತು. ನಾವು ಆಮೇಲೆ ಮಾಡಿಕೊಂಡ ಒಪ್ಪಂದ ಇಷ್ಟು: ಹಳೇ ಹೆಸರು ಬಳಸೋದಿಲ್ಲ. ಅವನ ಸ್ವಂತ ಹಾಡನ್ನ ಯಾರೂ ಹಾಡೋದಿಲ್ಲ. ಉಳಿದದ್ದನ್ನ ಹಾಡೋಕೆ ಜೂನಿಯರ್ ಒಬ್ಬಳನ್ನ ಕರೆಯೋದು, ಅವನ ಥರ ಹಾಡು ಅಂತ ಮಾತ್ರ ಅವಳಿಗೆ ಹೇಳೋದಿಲ್ಲ. ಗಿಟಾರಿನವನು ಆಗ ಒಪ್ಪಿದ. ನುಡಿಸಿದೆವು. ನಾನು ಎರಡು ಕಡೆ ತಾಳ ತಪ್ಪಿದೆ, ಡ್ರಮ್ಮರ್ ಹಳೇ ಥರಾನೇ ಗುರಾಯಿಸಿದ. ಐದು ವರ್ಷದಲ್ಲಿ ಮೊದಲ ಸಲ ನಾವು ಅವನ ಬಗ್ಗೆ ಅಳದೇ ಮಾತಾಡಿದ್ದು ಅವತ್ತು ರಾತ್ರಿ.

ಈಗ ಲಿಂಕಿನ್ ಪಾರ್ಕ್. 2024ರ ನವೆಂಬರ್ 15ಕ್ಕೆ ಬಂದ ಅವರ ಹೊಸ ಆಲ್ಬಮ್ ಹೆಸರು 'ಫ್ರಮ್ ಝೀರೋ'. ಸೊನ್ನೆಯಿಂದ ಅಂತಲೂ ಹೌದು, ಚೆಸ್ಟರ್ ಬರೋದಕ್ಕೆ ಮುಂಚಿನ ಆ ಹಳೇ 'ಝೀರೋ'ದಿಂದ ಅಂತಲೂ ಹೌದು. ಹಳೇ ಡ್ರಮ್ಮರ್ ರಾಬ್ ಬೋರ್ಡನ್ ವಾಪಸ್ ಬರಲಿಲ್ಲ. ಚೆಸ್ಟರ್‌ನ ಮಗನೊಬ್ಬ ಬಹಿರಂಗವಾಗಿಯೇ ವಿರೋಧಿಸಿದ. ಅವನ ನೋವಿನ ಮುಂದೆ ನನ್ನ ಅಭಿಪ್ರಾಯಕ್ಕೆ ಮೂರು ಕಾಸಿನ ಬೆಲೆ ಇಲ್ಲ ಅಂತ ಗೊತ್ತು. ಅದೇ ಹೆಸರಿಟ್ಟುಕೊಂಡಿದ್ದು ನನಗೂ ಸ್ವಲ್ಪ ಚುಚ್ಚುತ್ತೆ, ಒಂದು ಪ್ಲಸ್ ಚಿಹ್ನೆಯಾದರೂ ಹಾಕಬಹುದಿತ್ತು. ಆದರೆ ಆ ಹಾಡುಗಳನ್ನ ಚೆಸ್ಟರ್ ಒಬ್ಬನೇ ಕಟ್ಟಿದ್ದಲ್ಲ, ಮೈಕ್ ಶಿನೋಡಾ ಮತ್ತು ಉಳಿದವರು ಪಕ್ಕದಲ್ಲಿ ಕೂತು ಕಟ್ಟಿದ್ದು. ಗೆಳೆಯ ಸತ್ತ ಅಂತ ತಮ್ಮ ಅರ್ಧ ಆಯಸ್ಸಿನ ಕೆಲಸವನ್ನ ಮುಟ್ಟಬಾರದು ಅಂತ ಅವರಿಗೆ ಹೇಳೋಕೆ ನಾನ್ಯಾರು? ನನ್ನ ಚೆಸ್ಟರ್ ಆ ಮೆಮೊರಿ ಕಾರ್ಡಿನಲ್ಲಿ ಇದ್ದ, ಈಗಲೂ ಇದಾನೆ. ಅವರಿಗೆ ಇರೋದು ಪಕ್ಕದ ಖಾಲಿ ಜಾಗ. ಅದರ ಪಕ್ಕ ನಿಂತು ಹಾಡೋದಾ, ಮನೇಲಿ ಕೂರೋದಾ ಅನ್ನೋದನ್ನ ಆ ಜಾಗವನ್ನ ದಿನಾ ನೋಡೋರೇ ಹೇಳಬೇಕು.

ನನ್ನ ವೋಟು, ಸೇರಲಿ ಅಂತ. ನೀವೇನಂತೀರಿ?